ಹಾವೂ ಸಾಯಬಾರದು, ಆಳೂ ಸಾಯಬಾರದು

ಹಾವು ಸಾಯಬಾರದು, ಕೋಲು ಮುರಿಯಬಾರದು ಎಂಬ ಗಾದೆಯನ್ನು ನಮ್ಮ ಆಡಳಿತ ಮಂಡಳಿಯ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಸಾಲ ವಸೂಲಿಯ ವಿಷಯ ಬಂದಾಗಲೆಲ್ಲ ಯಾರಾದರೊಬ್ಬ ನಿರ್ದೇಶಕರು ಅದನ್ನು ಹೇಳಿಯೇ ತೀರುತ್ತಾರೆ. ಈ ಸಂಚಿಕೆಯಲ್ಲಿ ನಾವು ಬರೆಯಹೊರಟಿರುವುದು ಗಾದೆಯ ಹಾವಿನ ಬಗ್ಗೆ ಅಲ್ಲ, ತೋಟದ ಹಾವಿನ ಬಗ್ಗೆ. ಕಾಫಿ ಧಾರಣೆ, ಅಡಿಕೆಯ ಕೊಳೆರೋಗ, ಗೊಬ್ಬರದ ದಾಸ್ತಾನು ಎಲ್ಲ ಬಿಟ್ಟು ಕಾರ್ಯದರ್ಶಿಗೆ ಹಾವಿನ ಹುಚ್ಚು ಹಿಡಿಯಿತೇ ಎಂದು ಸದಸ್ಯ ಬಂಧುಗಳು ನಗಬಹುದು. ನಗಲಿ, ಆದರೆ ಪೂರ್ತಿ ಓದಿ ಆಮೇಲೆ ನಗಲಿ ಎಂದಷ್ಟೇ ನಮ್ಮ ವಿನಂತಿ. ಬರುವ ಸರ್ವ ಸದಸ್ಯರ ಸಭೆಯ ಮುಂದೆ ಈ ಬಗ್ಗೆ ಒಂದು ಠರಾವು ಬರಲಿದೆ. ಅದಕ್ಕೆ ಮೊದಲು ವಿಷಯ ಎಲ್ಲರಿಗೂ ತಿಳಿದಿರಲಿ ಎಂದು ಈ ಲೇಖನ.

ನಮ್ಮದೇ ತಪ್ಪು

2016ರ ಡಿಸೆಂಬರ್ ತಿಂಗಳು. ನಮ್ಮ ತೋಟದಲ್ಲಿ ಅರೇಬಿಕಾ ಕೊಯ್ಲು ಭರದಿಂದ ನಡೆದಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನೆಲಕ್ಕೆ ಉದುರಿದ ಹಣ್ಣು ಆರಿಸುತ್ತಿದ್ದ ಹೆಣ್ಣಾಳೊಬ್ಬಳು ದರಗಿನೊಳಗೆ ಕೈ ಹಾಕಿದವಳೇ ಚೀರಿಕೊಂಡಳು. ಬಲಗೈಯ ಹಿಂಭಾಗದಲ್ಲಿ ಎರಡು ಚುಕ್ಕೆ ರಕ್ತ. ಹಾವನ್ನು ಸರಿಯಾಗಿ ಕಂಡವರಿಲ್ಲ. ಮೇಸ್ತ್ರಿ ತನ್ನ ಟವೆಲ್ಲನ್ನೇ ಹರಿದು ಮೊಣಕೈಯ ಮೇಲೆ ಬಿಗಿಯಾಗಿ ಕಟ್ಟಿದ. ನಾವು ಆಗ ಕಣದಲ್ಲಿದ್ದೆವು. ಸುದ್ದಿ ಬಂದ ಕೂಡಲೇ ಜೀಪು ತೆಗೆಸಿ ಆಕೆಯನ್ನು ಕಳುಹಿಸಿಕೊಟ್ಟೆವು.

ಎಲ್ಲಿಗೆ ಕಳುಹಿಸಿದೆವು ಎಂಬುದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ. ತಾಲ್ಲೂಕು ಆಸ್ಪತ್ರೆಗಲ್ಲ; ನಮ್ಮ ತಂದೆಯವರ ಕಾಲದಿಂದ ಹೋಗುತ್ತಿದ್ದ ನಾಟಿ ಔಷಧದವರ ಮನೆಗೆ. ನಾವು ವಿಜ್ಞಾನದ ಪದವೀಧರರು. ಎಲೆಚುಕ್ಕಿ ರೋಗಕ್ಕೆ ಯಾವ ಶಿಲೀಂಧ್ರ ಕಾರಣವೆಂದು ಸದಸ್ಯರಿಗೆ ಉಪನ್ಯಾಸ ಕೊಡುವವರು. ಆದರೂ ಗಾಬರಿಯ ಹೊತ್ತಿನಲ್ಲಿ ಓದು ಕೈಕೊಟ್ಟಿತು, ರೂಢಿ ಕೈಹಿಡಿಯಿತು. ಅಲ್ಲಿ ಸೊಪ್ಪಿನ ರಸ ಕುಡಿಸಿದರು, ಕೈಗೆ ಲೇಪ ಹಾಕಿದರು, ಬಾವು ಇಳಿಯುತ್ತದೆ ಎಂದು ಕೂರಿಸಿದರು. ಮೂರು ಗಂಟೆಯ ಹೊತ್ತಿಗೆ ಆಕೆಯ ಒಸಡಿನಿಂದ ರಕ್ತ ಜಿನುಗಲು ಶುರುವಾಯಿತು. ಆಗ ಆಸ್ಪತ್ರೆ ನೆನಪಾಯಿತು.

ಅಲ್ಲಿನ ಡಾಕ್ಟರು ಮಾಡಿದ ಮೊದಲ ಕೆಲಸ ಬಹಳ ಸರಳ. ಆಕೆಯ ತೋಳಿನಿಂದ ಸ್ವಲ್ಪ ರಕ್ತ ತೆಗೆದು ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಹಾಕಿ ಮೇಜಿನ ಮೇಲೆ ಅಲುಗಾಡದಂತೆ ಇಟ್ಟರು. ಇಪ್ಪತ್ತು ನಿಮಿಷ ಕಳೆದ ಮೇಲೆ ನಳಿಕೆಯನ್ನು ವಾಲಿಸಿದರು. ಹೆಪ್ಪುಗಟ್ಟಬೇಕಾಗಿದ್ದ ರಕ್ತ ನೀರಿನಂತೆ ಹರಿಯಿತು. “ಮಂಡಲದ ವಿಷ. ಇಷ್ಟು ಹೊತ್ತು ಎಲ್ಲಿದ್ರಿ?” ಎಂದರು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ವಿಷ ನಿವಾರಕ ಚುಚ್ಚುಮದ್ದು ಮೈಗೆ ಇಳಿಯುವ ಹೊತ್ತಿಗೆ ಕಚ್ಚಿ ಆರು ಗಂಟೆ ದಾಟಿತ್ತು. ಮರುದಿನ ಮೂತ್ರ ನಿಂತಿತು. ದೊಡ್ಡ ಆಸ್ಪತ್ರೆಗೆ ಸಾಗಿಸಿ ಡಯಾಲಿಸಿಸ್ ಮಾಡಿಸಬೇಕಾಯಿತು. ಪುಣ್ಯಕ್ಕೆ ಜೀವ ಉಳಿಯಿತು. ಆದರೆ ಬಲಗೈಯ ಬೆರಳುಗಳು ಮತ್ತೆ ಪೂರ್ತಿ ಮಡಚಲು ಬರಲಿಲ್ಲ. ಕಾಫಿ ಕೊಯ್ಯುವ ಕೈ ಅದು. ಹಾವು ಕಚ್ಚಿದ್ದು ಒಂದು ಕ್ಷಣ. ಉಳಿದ ಆರು ಗಂಟೆಯ ಹೊಣೆ ನಮ್ಮದು.

ಸತ್ತವರು ಯಾರು?

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ವಾರವಿಡೀ ತೋಟದಲ್ಲಿ ಕಂಡ ಹಾವನ್ನೆಲ್ಲ ಆಳುಗಳು ಬಡಿದು ಕೊಂದರು. ನಾವು ತಡೆಯಲಿಲ್ಲ. ಸತ್ತವು ನಾಲ್ಕು: ಎರಡು ಕೇರೆ, ಒಂದು ತೋಳಹಾವು, ಮತ್ತು ಮೈಮೇಲೆ ಮಚ್ಚೆ ಇದ್ದುದರಿಂದ ಕೊಳಕುಮಂಡಲವೆಂದೇ ಎಲ್ಲರೂ ನಂಬಿದ ಒಂದು ಹೆಬ್ಬಾವಿನ ಮರಿ. ನಾಲ್ಕಕ್ಕೂ ವಿಷವಿಲ್ಲ. ಕಚ್ಚಿದ ಹಾವು ತನ್ನ ಪಾಡಿಗೆ ದರಗಿನೊಳಗೆ ಹಾಯಾಗಿತ್ತು. ಆ ವರ್ಷ ಅಟ್ಟದ ಮೇಲಿನ ಅಡಿಕೆ ಮೂಟೆಗೂ ಏಲಕ್ಕಿ ಚೀಲಕ್ಕೂ ಬಿದ್ದ ಇಲಿಗಳ ಕಾಟ ಹೇಳತೀರದು. ಇಲಿಯನ್ನು ಬಿಲದೊಳಗೇ ಹೊಕ್ಕು ಹಿಡಿಯುವ ಸಂಬಳವಿಲ್ಲದ ಕಾವಲುಗಾರರನ್ನು ನಾವೇ ಕೊಂದಿದ್ದೆವು.

ಕಲ್ಲು ನಾಗರಕ್ಕೂ ದಿಟದ ನಾಗರಕ್ಕೂ ನಾವು ತೋರಿಸುವ ಭೇದವನ್ನು ಬಸವಣ್ಣನವರು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದ್ದಾರೆ. ಆ ವಚನ ನಮಗೆಲ್ಲ ಬಾಯಿಪಾಠ, ಇಲ್ಲಿ ಬರೆಯಬೇಕಿಲ್ಲ. ಪಂಚಮಿಯ ದಿನ ಬನಕ್ಕೆ ಹಾಲೆರೆದು ಬಂದ ಕೈಗೇ ಮರುದಿನ ದೊಣ್ಣೆ ಬರುವುದು ನಮ್ಮೂರಲ್ಲಿ ಇಂದಿಗೂ ನಿಂತಿಲ್ಲ.

ಪರಿಚಯವಿದ್ದರೆ ಅರ್ಧ ಭಯ ಕಡಿಮೆ

ನಮ್ಮ ದೇಶದಲ್ಲಿ ಹೆಚ್ಚು ಜನರ ಸಾವಿಗೆ ಕಾರಣವಾಗುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಗರಗಸ ಮಂಡಲ ಬಯಲುಸೀಮೆಯ ಒಣ ನೆಲದ ಹಾವು. ಮಲೆನಾಡಿನ ದಟ್ಟ ತೋಟಗಳಲ್ಲಿ ನಾವು ಎಚ್ಚರದಿಂದಿರಬೇಕಾದ್ದು ಉಳಿದ ಮೂರರ ಬಗ್ಗೆ.

ಕೊಳಕುಮಂಡಲದ ಬೆನ್ನಿನ ಮೇಲೆ ಸರಪಳಿಯಂತೆ ಸಾಲಾಗಿ ಕಂದು ಮಚ್ಚೆಗಳಿರುತ್ತವೆ. ಕೆಣಕಿದರೆ ಕುಕ್ಕರಿನ ಹಾಗೆ ಜೋರಾಗಿ ಬುಸುಗುಡುತ್ತದೆ. ಇದನ್ನು ಹೆಬ್ಬಾವಿನ ಮರಿಯೆಂದು ಮುಟ್ಟಲು ಹೋಗಿ ಕಚ್ಚಿಸಿಕೊಂಡವರೂ ಇದ್ದಾರೆ, ಹೆಬ್ಬಾವಿನ ಮರಿಯನ್ನು ಇದೆಂದು ಕೊಂದ ನಮ್ಮಂಥವರೂ ಇದ್ದಾರೆ. ಕಟ್ಟುಹಾವು, ಅಂದರೆ ಕೆಲವೆಡೆ ಕಡಂಬಳ ಎನ್ನುವುದು, ಇರುಳಿನ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ. ಅದರ ಕಡಿತಕ್ಕೆ ನೋವಿಲ್ಲ, ಬಾವಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ಆಮೇಲೆ ಉಸಿರಿಗೇ ತೊಂದರೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗಿದರೆ ಮತ್ತೆ ಏಳುವುದು ಕಷ್ಟ. ಲೈನ್ ಮನೆಗಳಲ್ಲಿ ನೆಲದ ಮೇಲೆ ಮಲಗುವ ಕುಟುಂಬಗಳಿಗೆ ಮಂಚ, ಅದಾಗದಿದ್ದರೆ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಕೊಡಿಸುವುದಕ್ಕಿಂತ ಅಗ್ಗದ ರಕ್ಷಣೆ ಬೇರೊಂದಿಲ್ಲ.

ಇವಲ್ಲದೆ ತೋಟಗಾರರಾದ ನಮಗೆ ವಿಶೇಷವಾಗಿ ಸಂಬಂಧಪಟ್ಟವು ಎರಡು ಗುಳಿಮಂಡಲಗಳು. ಮೂಗಿನ ತುದಿ ಮೇಲಕ್ಕೆ ಉಬ್ಬಿರುವ, ಗೇಣುದ್ದಕ್ಕಿಂತ ತುಸು ಹೆಚ್ಚಿರುವ ಕಂದು ಬಣ್ಣದ ಪುಟ್ಟ ಗುಳಿಮಂಡಲ ದರಗಿನಲ್ಲಿ ದರಗೇ ಆಗಿ ಕುಳಿತಿರುತ್ತದೆ. ಇದು ಚಿಕ್ಕದೆಂದು ಉಪೇಕ್ಷೆ ಸಲ್ಲದು. ಇದರ ವಿಷದಿಂದಲೂ ರಕ್ತ ಹೆಪ್ಪುಗಟ್ಟದೆ ಹೋಗುವುದು, ಮೂತ್ರಪಿಂಡ ಕೆಡುವುದು ಉಂಟು; ಮೇಲಾಗಿ ನಮ್ಮಲ್ಲಿ ಸಿಗುವ ಚುಚ್ಚುಮದ್ದು ಇದರ ಮೇಲೆ ಕೆಲಸ ಮಾಡುವುದಿಲ್ಲ. ಇನ್ನೊಂದು ಮಲಬಾರ್ ಗುಳಿಮಂಡಲ. ಮಳೆಗಾಲದಲ್ಲಿ ಕಾಫಿ ಗಿಡದ ರೆಕ್ಕೆಯ ಮೇಲೆ, ಮೆಣಸಿನ ಬಳ್ಳಿಯ ನಡುವೆ ಹಸಿರು, ಹಳದಿ, ಕಂದು ಹೀಗೆ ನಾನಾ ಬಣ್ಣಗಳಲ್ಲಿ ಕಾಣುತ್ತದೆ. ಇದರ ಕಡಿತದಿಂದ ಸಾವು ವಿರಳ. ನೋವು, ಬಾವು ಮಾತ್ರ ಸಾಕಷ್ಟು.

ಉಳಿದಂತೆ ನಾವು ದಿನಬೆಳಗಾದರೆ ಕಾಣುವ ಕೇರೆ, ನೀರೊಳ್ಳೆ, ತೋಳಹಾವು, ಹೆಬ್ಬಾವು ವಿಷದ ಹಾವುಗಳೇ ಅಲ್ಲ. ಕೇರೆ ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದೆ, ಹಸಿರುಹಾವು ಕಣ್ಣಿಗೇ ಹೊಡೆಯುತ್ತದೆ, ನಾಗರ ಹಗೆ ಸಾಧಿಸುತ್ತದೆ ಎಂಬಿವೆಲ್ಲ ಕಟ್ಟುಕತೆ. ಹಾವಿಗೆ ಹಾಲು ಆಹಾರವಲ್ಲ. ಹಗೆ ಇಟ್ಟುಕೊಳ್ಳುವಷ್ಟು ನೆನಪೂ ಅದಕ್ಕಿಲ್ಲ.

ಕಾಳಿಂಗನಿಗೆ ದಾರಿ ಕೊಟ್ಟ ದಿನ

2016ರ ಆ ಘಟನೆಯ ಮೇಲೆ ನಮ್ಮ ಸುತ್ತಿನ ಇಬ್ಬರು ಹುಡುಗರು ಈ ಕೆಲಸಕ್ಕೆ ಇಳಿದರು. ಒಬ್ಬ ನಮ್ಮ ಸದಸ್ಯರೊಬ್ಬರ ಮಗ, ಬಿ.ಕಾಂ. ಓದಿ ಮನೆಗೆ ಮರಳಿ ತೋಟ ನೋಡಿಕೊಳ್ಳುತ್ತಿರುವವನು. ಇನ್ನೊಬ್ಬ ಕೊನೆಗಾರನ ಮಗ. ಇಬ್ಬರೂ ತರಬೇತಿ ಪಡೆದು, ಅರಣ್ಯ ಇಲಾಖೆಯ ಗಮನಕ್ಕೆ ತಂದೇ ಕೆಲಸ ಮಾಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಹಾವನ್ನು ಕೊಲ್ಲುವುದಷ್ಟೇ ಅಲ್ಲ, ಸ್ವಂತ ಇಚ್ಛೆಯಿಂದ ಹಿಡಿದು ಇಟ್ಟುಕೊಳ್ಳುವುದೂ ಅಪರಾಧವೇ.

2023ರ ಏಪ್ರಿಲ್‌ನಲ್ಲಿ ಸದಸ್ಯರೊಬ್ಬರ ಸೌದೆ ಕೊಟ್ಟಿಗೆಗೆ ಹತ್ತಡಿಗೆ ಕಡಿಮೆಯಿಲ್ಲದ ಕಾಳಿಂಗ ಸರ್ಪ ಬಂದು ಸೇರಿತು. ಊರೇ ನೆರೆಯಿತು. ನಾವೂ ಹೋದೆವು. ಹುಡುಗ ಬಂದವನು ಕೊಕ್ಕೆ, ಚೀಲ ತೆಗೆಯಲೇ ಇಲ್ಲ. ಮೊದಲು ಜನರನ್ನು ಅಂಗಳದ ಆಚೆಗೆ ಕಳಿಸಿದ, ನಾಯಿಯನ್ನು ಕಟ್ಟಿಸಿದ, ಕೊಟ್ಟಿಗೆಯ ತೋಟದ ಕಡೆಯ ತಡಿಕೆ ತೆಗೆಸಿದ. ಆಮೇಲೆ ಜಗುಲಿಯ ಮೇಲೆ ಕುಳಿತು, “ಅಜ್ಜಿ, ಅದು ತಾನಾಗೇ ಹೋಗ್ತದೆ. ಒಂದು ಲೋಟ ಕಾಫಿ ಕೊಟ್ರೆ ನಾನು ಇಲ್ಲೇ ನೋಡ್ತಾ ಕೂತಿರ್ತೇನೆ” ಎಂದ.

ಮನೆಯ ಅಜ್ಜಿಗೆ ಎಲ್ಲಿಲ್ಲದ ಸಿಟ್ಟು. “ಹಾವು ಹಿಡಿಯೋಕೆ ಕರೆಸಿದ್ರೆ ಕಾಫಿ ಕುಡಿಯೋಕೆ ಕೂತ್ನಲ್ಲ ಮಾರಾಯ ಇವ!”

ಕಾಫಿಯಂತೂ ಬಂತು. ಎರಡೂವರೆ ಗಂಟೆ ಕಳೆಯಿತು. ಆಮೇಲೆ ಸೌದೆಯ ಸಂದಿನಿಂದ ಕಾಳಿಂಗ ಇಳಿದು, ತೆಗೆದ ತಡಿಕೆಯ ಕಡೆಯಿಂದ ಹೊರಬಿದ್ದು, ಅಡಿಕೆ ತೋಟದ ಕಪ್ಪಿನ ಗುಂಟ ಹೊರಟುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಅದು ಬಂದದ್ದಾದರೂ ಏಕೆಂದು ಹುಡುಗ ವಿವರಿಸಿದ: ಅಡಿಕೆ ಮತ್ತು ಭತ್ತಕ್ಕೆ ಇಲಿ ಬಂತು, ಇಲಿಗೆ ಕೇರೆ ಬಂತು, ಕೇರೆಗೆ ಕಾಳಿಂಗ ಬಂತು. ಕಾಳಿಂಗನ ಆಹಾರವೇ ಹಾವುಗಳು. ಕೇರೆಯನ್ನು ಮಾತ್ರವಲ್ಲ, ನಾಗರಹಾವು, ಗುಳಿಮಂಡಲಗಳನ್ನೂ ಅದು ನುಂಗುತ್ತದೆ. ಅಜ್ಜಿ ಕೊನೆಗೆ ಕೇಳಿದ್ದು ಒಂದೇ ಮಾತು: “ಹಾಗಾದ್ರೆ ಕರೆದದ್ದು ನಾವೇ ಅಂತ ಆಯ್ತು?”

ದೂರದ ಕಾಡಿಗೆ ಬಿಟ್ಟರೆ ಒಳ್ಳೆಯದೇ?

ಸಾಮಾನ್ಯವಾಗಿ ನಾವು ಕೇಳುವುದು ಇಷ್ಟೇ: “ಹಿಡ್ಕೊಂಡು ಹೋಗಿ ಎಲ್ಲಾದ್ರೂ ದೂರದ ಕಾಡಿಗೆ ಬಿಟ್ಬಿಡಿ.” ನಮಗೂ ಅದೇ ಪುಣ್ಯದ ಕೆಲಸವೆಂದು ತೋರಿತ್ತು. ಅದು ಹಾಗಲ್ಲ ಎಂಬುದನ್ನು ತೋರಿಸಿಕೊಟ್ಟದ್ದು ನಮ್ಮ ನೆರೆಯ ಆಗುಂಬೆಯೇ.

ಉರಗತಜ್ಞ ರೊಮುಲಸ್ ವಿಟೇಕರ್ ಅವರು ಆಗುಂಬೆಯಲ್ಲಿ ಮೊದಲ ಬಾರಿ ಕಾಳಿಂಗವನ್ನು ಕಂಡದ್ದು 1971ರಲ್ಲಿ. 2005ರಲ್ಲಿ ಅವರು ಅಲ್ಲಿಯೇ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2008ರಿಂದ ಅಲ್ಲಿ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೋ ಯಂತ್ರವಿಟ್ಟು ಬೆನ್ನುಹತ್ತಿ ನೋಡಿದರು. ಊರಿನಿಂದ ಹಿಡಿದು ದೂರ ಒಯ್ದು ಬಿಟ್ಟ ಹಾವಿನ ಮತ್ತು ತನ್ನ ನೆಲೆಯಲ್ಲೇ ಇದ್ದ ಹಾವಿನ ಓಡಾಟವನ್ನು ಹೋಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕೆಲವೇ ಹಾವುಗಳ ಮೇಲೆ ನಡೆದ ಆರಂಭದ ಅಧ್ಯಯನವಾದರೂ ಕಂಡದ್ದು ಮನಸ್ಸಿಗೆ ತಟ್ಟುವಂಥದ್ದು. ನೆಲೆಯಲ್ಲಿದ್ದ ಹಾವು ತನ್ನ ವಲಯದಲ್ಲೇ ಸುತ್ತಾಡಿಕೊಂಡಿತ್ತು. ಒಯ್ದು ಬಿಟ್ಟ ಹಾವು ಎಲ್ಲೂ ನೆಲೆ ನಿಲ್ಲದೆ ಬಹುದೂರ ಅಲೆಯಿತು.

ಯೋಚಿಸಿ ನೋಡಿದರೆ ಇದು ನಮಗೆ ಅರ್ಥವಾಗದ ಸಂಗತಿಯೇನಲ್ಲ. ಕಣ್ಣು ಕಟ್ಟಿ ಒಯ್ದು ಗುರುತಿಲ್ಲದ ಊರಲ್ಲಿ ಬಿಟ್ಟರೆ ಮನುಷ್ಯನೂ ಅಷ್ಟೇ. ಎಲ್ಲಿ ನೀರು, ಎಲ್ಲಿ ಬಿಲ, ಎಲ್ಲಿ ಬೇಟೆ ಒಂದೂ ತಿಳಿಯದ ಹಾವು ಅಲೆದಲೆದು ಇನ್ನೊಬ್ಬರ ಅಂಗಳಕ್ಕೇ ಹೋಗುತ್ತದೆ. ನಮ್ಮ ಮನೆಯ ಕಷ್ಟವನ್ನು ನೆರೆಯೂರಿಗೆ ದಾಟಿಸಿದಂತಾಯಿತೇ ಹೊರತು ಹಾವು ಬದುಕಿತೆಂದು ಹೇಳುವಂತಿಲ್ಲ. ಆದ್ದರಿಂದ ಈಗ ನಮ್ಮ ಹುಡುಗರು ಪಾಲಿಸುವ ಕ್ರಮ ಹೀಗಿದೆ: ತಾನಾಗಿ ಹೋಗುವಂತಿದ್ದರೆ ದಾರಿ ಕೊಡುವುದು, ಮನೆಯ ಒಳಕೋಣೆ, ಶಾಲೆ, ಬಾವಿಯಂಥ ಕಡೆ ಸಿಕ್ಕಿಬಿದ್ದಿದ್ದರೆ ಮಾತ್ರ ಹಿಡಿಯುವುದು, ಹಿಡಿದರೆ ಅದೇ ದಿನ, ಆದಷ್ಟು ಹತ್ತಿರವೇ ಬಿಡುವುದು. ಹಿಡಿಯುವಾಗಲೂ ಕುತ್ತಿಗೆ ಒತ್ತಿ ಎತ್ತುವ ಸಾಹಸವಿಲ್ಲ. ಕಪ್ಪು ಬಟ್ಟೆಯ ಚೀಲದ ಬಾಯಿಗೆ ಪಿ.ವಿ.ಸಿ. ಕೊಳವೆ ಕಟ್ಟಿ ಮುಂದಿಟ್ಟರೆ, ಅಡಗಲು ಕತ್ತಲೆ ಹುಡುಕುವ ಹಾವು ತಾನೇ ಒಳಗೆ ಹೋಗುತ್ತದೆ. ಹಾವು ಹಿಡಿದು ಫೋಟೋ ತೆಗೆಸಿಕೊಳ್ಳುವವರನ್ನು, ಕೊರಳಿಗೆ ಸುತ್ತಿಕೊಳ್ಳುವವರನ್ನು ದಯವಿಟ್ಟು ತೋಟಕ್ಕೆ ಕರೆಯಬೇಡಿ. ಅದು ಸೇವೆಯಲ್ಲ, ಸರ್ಕಸ್ಸು.

ಮಾರ್ಚ್‌ನಿಂದ ಮೇವರೆಗೆ ಕಾಳಿಂಗಗಳು ಕೂಡುವ ಕಾಲ. ಆಗ ಹೆಣ್ಣಿನ ವಾಸನೆ ಹಿಡಿದು ಗಂಡುಗಳು ಬರುವುದರಿಂದ ಅಂಗಳದಲ್ಲಿ ಕಾಣುವುದು ಹೆಚ್ಚು. ಮೊಟ್ಟೆಗಾಗಿ ದರಗನ್ನು ಒಟ್ಟುಮಾಡಿ ಗೂಡು ಕಟ್ಟುವ ಹಾವು ಇದೊಂದೇ. ಮುಂಗಾರಿಗೆ ಮುಂಚೆ ಇಪ್ಪತ್ತರಿಂದ ನಲವತ್ತು ಮೊಟ್ಟೆ ಇಟ್ಟು ತಾಯಿ ಕಾವಲು ಕೂರುತ್ತದೆ. ಬಿದಿರು ಮೆಳೆಯಲ್ಲೋ ಸೊಪ್ಪಿನ ಬೆಟ್ಟದಲ್ಲೋ ಎಲೆಯ ಗುಪ್ಪೆ ಕಂಡರೆ ಗೊಬ್ಬರಕ್ಕೆಂದು ಕೈ ಹಾಕಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ಎರಡೂವರೆ, ಮೂರು ತಿಂಗಳು ಅತ್ತ ಕೆಲಸ ನಿಲ್ಲಿಸಿದರೆ ಸಾಕು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಒಂದು ಜಾತಿಯೆಂದು ಗುರುತಿಸಿ, ಅದರ ಶಾಸ್ತ್ರೀಯ ಹೆಸರಿನಲ್ಲಿ ನಮ್ಮ ಕನ್ನಡದ ‘ಕಾಳಿಂಗ’ ಎಂಬ ಮಾತನ್ನೇ ಇಟ್ಟಿದ್ದಾರೆ. ಅದು ಇರುವುದು ಈ ಘಟ್ಟಸಾಲಿನಲ್ಲಿ ಮಾತ್ರ. ಅಂದರೆ ಅದರ ಮನೆಯ ಒಂದು ಭಾಗ ನಮ್ಮ ನಿಮ್ಮ ತೋಟ.

ಬಲೆಗೆ ಬಿದ್ದವುಗಳ ಆರೈಕೆ

ಹುಡುಗರಿಗೆ ಬರುವ ಕರೆಗಳಲ್ಲಿ ಹೆಚ್ಚು ಮನಸ್ಸು ಕಲಕುವವು ಬಲೆಯ ಕರೆಗಳು. ಕೋಳಿಗೂಡಿಗೆ, ತರಕಾರಿ ಮಡಿಗೆ, ನರ್ಸರಿಗೆ ನಾವು ಹಾಕುವ ನೈಲಾನ್ ಬಲೆಯಲ್ಲಿ ಕೇರೆ, ನಾಗರ, ಒಮ್ಮೊಮ್ಮೆ ಉಡ ಕೂಡ ಸಿಕ್ಕಿಕೊಳ್ಳುತ್ತವೆ. ಹಾವು ಹಿಂದಕ್ಕೆ ಸರಿಯಲಾರದೆ ಮುಂದಕ್ಕೇ ನುಗ್ಗುವುದರಿಂದ ದಾರ ಹುರುಪೆಯಡಿ ಹೊಕ್ಕು ಮಾಂಸವನ್ನೇ ಕೊಯ್ಯುತ್ತದೆ. ಬಿಸಿಲಿನಲ್ಲಿ ಹಾಗೇ ಬಿಟ್ಟರೆ ಮಧ್ಯಾಹ್ನದೊಳಗೆ ಸಾಯುತ್ತದೆ.

ಎಳೆದು ಬಿಡಿಸಲು ಹೋಗಬಾರದು. ಗೋಣಿ ಒದ್ದೆ ಮಾಡಿ ದೂರದಿಂದ ಕೋಲಿನಲ್ಲಿ ನೆರಳಾಗುವಂತೆ ಹೊದಿಸಿ, ಬಲ್ಲವರನ್ನು ಕರೆಯಬೇಕು. ಅವರು ಮೊಂಡು ತುದಿಯ ಕತ್ತರಿಯಿಂದ ಎಳೆ ಎಳೆಯಾಗಿ ಕತ್ತರಿಸುತ್ತಾರೆ. ಗಾಯ ಚರ್ಮದ ಮೇಲೆ ಮಾತ್ರವಿದ್ದರೆ ತೊಳೆದು, ಔಷಧ ಹಚ್ಚಿ ಬಿಡಬಹುದು. ಆಳದ ಗಾಯವಿದ್ದರೆ ಇಲಾಖೆಗೆ ತಿಳಿಸಿ ಪಶುವೈದ್ಯರ ಹತ್ತಿರ ಒಯ್ಯಬೇಕು. ಕಳೆದ ಮಳೆಗಾಲಕ್ಕೆ ಮುಂಚೆ ಕಳೆ ಕತ್ತಿಯ ಏಟು ಬಿದ್ದ ಕೇರೆಯೊಂದಕ್ಕೆ ಹೊಲಿಗೆ ಹಾಕಿಸಿ, ಗಾಯ ಮಾಗುವವರೆಗೆ ಇಟ್ಟು, ಏಟು ಬಿದ್ದ ತೋಟದಲ್ಲೇ ಬಿಟ್ಟರು. ಬಿಡುವಾಗ ಕತ್ತಿ ಬೀಸಿದ ಆಳನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಆತನಿಗೆ ಬೈಗುಳವಿಲ್ಲ, ಉಪದೇಶವಿಲ್ಲ. ಆದರೆ ಈಗ ಆ ತೋಟದಲ್ಲಿ ಹಾವು ಕಂಡರೆ ಮೊದಲು ಕೂಗಿ ಹೇಳುವವನು, ಕತ್ತಿ ಎತ್ತದವನು ಅವನೇ.

ಬಲೆ ಬೇಕೇ ಬೇಕೆಂದಿದ್ದರೆ ನೆಲದಿಂದ ಒಂದಡಿ ಎತ್ತರದವರೆಗೆ ತಗಡು ಅಥವಾ ಅಡಿಕೆ ದಬ್ಬೆ ಹೊಡೆದು ಅದರ ಮೇಲೆ ಬಲೆ ಕಟ್ಟಿ. ಹರಿದ ಬಲೆಯನ್ನು ಬೇಲಿಗೆ ಎಸೆಯಬೇಡಿ.

ಹಾವು ಹಿಡಿಯುವವರ ಸಹಕಾರ ಸಂಘ

ನಾವೆಲ್ಲ ಸಹಕಾರಿಗಳು. ಆದ್ದರಿಂದ ಈ ಸಂಗತಿ ನಮಗೆ ಹೆಮ್ಮೆ ತರುವಂಥದ್ದು. ಹಾವು ಕಚ್ಚಿದಾಗ ಕೊಡುವ ಚುಚ್ಚುಮದ್ದಿಗೆ ಮೂಲ ಹಾವಿನ ವಿಷವೇ. ಕುದುರೆಗೆ ಅದನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷದಿಂದ ಔಷಧ ತಯಾರಿಸುತ್ತಾರೆ. ನಮ್ಮ ದೇಶದ ಔಷಧ ಕಂಪನಿಗಳಿಗೆ ಈ ವಿಷದ ಬಹುಪಾಲನ್ನು ಒದಗಿಸುತ್ತ ಬಂದಿರುವುದು ಒಂದು ಸಹಕಾರ ಸಂಘ.

ತಮಿಳುನಾಡಿನ ಇರುಳರು ತಲೆಮಾರುಗಳಿಂದ ಹಾವು ಹಿಡಿಯುವುದರಲ್ಲಿ ನಿಸ್ಸೀಮರು. ಅವರು ಹಿಡಿದ ಹಾವಿನ ಚರ್ಮ ಪರದೇಶಗಳಿಗೆ ಹೋಗುತ್ತಿತ್ತು. 1972ರ ಕಾಯಿದೆ ಬಂದು, 1976ರಲ್ಲಿ ಹಾವಿನ ಚರ್ಮದ ರಫ್ತೂ ನಿಂತ ಮೇಲೆ ಅವರ ಹೊಟ್ಟೆಪಾಡು ಹೋಯಿತು. ಆಗ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಇರುಳ ಹಾವು ಹಿಡಿಯುವವರ ಕೈಗಾರಿಕಾ ಸಹಕಾರ ಸಂಘ ಹುಟ್ಟಿತು. ಮದರಾಸಿನ ದಕ್ಷಿಣಕ್ಕೆ ಕಡಲ ತೀರದ ವಡನೆಮ್ಮೇಲಿಯಲ್ಲಿ ಅದರ ಕೇಂದ್ರವಿದೆ. ಹಿಡಿದ ಹಾವನ್ನು ಮಣ್ಣಿನ ಮಡಕೆಯಲ್ಲಿಟ್ಟು, ವಾರಕ್ಕೊಮ್ಮೆ ವಿಷ ತೆಗೆದು, ಕೆಲವು ವಾರಗಳ ಮೇಲೆ ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಅದೇ ಹಾವು ಕೂಡಲೇ ಮತ್ತೆ ಸಿಕ್ಕರೆ ಗುರುತು ನೋಡಿ ಬಿಟ್ಟುಬಿಡುತ್ತಾರೆ. ಕೊಂದು ಚರ್ಮ ಮಾರುತ್ತಿದ್ದ ಕೈಗಳೇ ಜೀವ ಉಳಿಸುವ ಕೈಗಳಾದವು. 2023ರಲ್ಲಿ ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯನ್ ಅವರಿಗೆ ಪದ್ಮಶ್ರೀ ಸಂದಿತು.

ನಮ್ಮ ಹೆಣ್ಣಾಳಿನ ಜೀವ ಉಳಿಸಿದ ಆ ಸೀಸೆಗಳ ಹಿಂದೆಯೂ ಯಾರೋ ಒಬ್ಬ ಇರುಳ ಸಹಕಾರಿಯ ಶ್ರಮ ಇದ್ದಿರಬಹುದು.

ಕಚ್ಚಿದರೆ ಮಾಡಬೇಕಾದ್ದು

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಬಹುತೇಕ ಎಲ್ಲರೂ ಹಳ್ಳಿಯವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಗೆ ಬಂದ ಪ್ರತಿಯೊಂದು ಪ್ರಕರಣವೂ ಲೆಕ್ಕಕ್ಕೆ ಬರಬೇಕು. ಎಲ್ಲಿ ಎಷ್ಟು ಔಷಧ ಬೇಕೆಂಬುದು ತಿಳಿಯುವುದೇ ಹೀಗೆ. ನಾಟಿ ಔಷಧದ ಮನೆಗೆ ಹೋದ ಪ್ರಕರಣ ಈ ಲೆಕ್ಕಕ್ಕೂ ಸಿಗುವುದಿಲ್ಲ.

ನಾಟಿ ಔಷಧದಿಂದ ಬದುಕಿದವರಿಲ್ಲವೇ ಎಂದು ಕೇಳುವಿರಿ. ಇದ್ದಾರೆ. ಕಚ್ಚಿದ ಹಾವುಗಳಲ್ಲಿ ವಿಷವಿಲ್ಲದವು ಬಹಳ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅವರೆಲ್ಲ ಬರೀ ನೀರು ಕುಡಿಸಿದ್ದರೂ ಬದುಕುತ್ತಿದ್ದರು. ವಿಷ ನಿಜವಾಗಿ ಏರಿದವರಿಗೆ ಔಷಧ ಒಂದೇ, ಅದು ಆಸ್ಪತ್ರೆಯಲ್ಲಿದೆ.

ಕೆಳಗಿನ ಮಾತುಗಳನ್ನು ಕತ್ತರಿಸಿ ಕಣದ ಗೋಡೆಗೆ ಅಂಟಿಸಿ:

1. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಕೂರಿಸಿ ಅಥವಾ ಮಲಗಿಸಿ. ನಡೆಸಬೇಡಿ, ಓಡಿಸಬೇಡಿ.

2. ಉಂಗುರ, ಬಳೆ, ಕಾಲುಂಗುರ ಕೂಡಲೇ ತೆಗೆಸಿ. ಬಾವು ಬಂದ ಮೇಲೆ ತೆಗೆಯಲಾಗದು.

3. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ, ಮೂಳೆ ಮುರಿದಾಗ ಮಾಡುವಂತೆ, ಅಡಿಕೆ ದಬ್ಬೆಯನ್ನೋ ಕೋಲನ್ನೋ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ.

4. ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಐಸು ಇಡುವುದು, ಸಾರಾಯಿ ಕುಡಿಸುವುದು ಯಾವುದೂ ಬೇಡ.

5. ಹಾವನ್ನು ಹುಡುಕುತ್ತ, ಕೊಲ್ಲುತ್ತ ಹೊತ್ತು ಕಳೆಯಬೇಡಿ. ದೂರದಿಂದ ಫೋಟೋ ಸಿಕ್ಕರೆ ಸರಿ, ಇಲ್ಲದಿದ್ದರೂ ಚಿಕಿತ್ಸೆಗೆ ಅಡ್ಡಿಯಿಲ್ಲ.

6. 108ಕ್ಕೆ ಕರೆ ಮಾಡಿ. ತಡವಾಗುವಂತಿದ್ದರೆ ನಿಮ್ಮದೇ ವಾಹನದಲ್ಲಿ ಹೊರಡಿ. ಚುಚ್ಚುಮದ್ದು ಇರುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಕಚ್ಚಿದ ಮೇಲೆ ವಿಚಾರಿಸುತ್ತ ಕೂರುವುದಲ್ಲ.

7. ಮಕ್ಕಳಿಗೆ ಕಚ್ಚಿದಾಗ ಡಾಕ್ಟರು ದೊಡ್ಡವರಷ್ಟೇ ಔಷಧ ಕೊಟ್ಟರೆ ಗಾಬರಿ ಬೇಡ. ಮಗುವೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ.

ಠರಾವಿನ ವಿಷಯ

ಈಗ ನಮ್ಮ ತೋಟಗಳಲ್ಲಿ ದುಡಿಯುವವರು ಊರಿನವರಷ್ಟೇ ಅಲ್ಲ. ಉತ್ತರ ಕರ್ನಾಟಕದವರಿದ್ದಾರೆ, ಅಸ್ಸಾಮಿನಿಂದ ಬಂದವರಿದ್ದಾರೆ. ಅವರಿಗೆ ನಮ್ಮ ಹಾವಿನ ಪರಿಚಯವಿಲ್ಲ, ನಮ್ಮ ಮಾತೂ ಬಾರದು. ಆದ್ದರಿಂದ ಹಾವಿನ ಚಿತ್ರಗಳಿರುವ ಪಟವನ್ನು ಪ್ರತಿ ಲೈನ್ ಮನೆಗೆ ಹಂಚುವುದು; ಗಂಬೂಟು, ಟಾರ್ಚು, ದಪ್ಪ ಕೈಗವಸನ್ನು ಸಂಘದ ಮಳಿಗೆಯಲ್ಲಿ ಅಸಲು ಬೆಲೆಗೆ ಮಾರುವುದು; ಕೊಯ್ಲಿಗೆ ಮುಂಚೆ ವರ್ಷಕ್ಕೊಮ್ಮೆ ಆಳುಗಳಿಗೂ ಶಾಲಾ ಮಕ್ಕಳಿಗೂ ತಿಳಿವಳಿಕೆ ಶಿಬಿರ ನಡೆಸುವುದು; ಸ್ವಯಂಸೇವಕ ಹುಡುಗರ ಪೆಟ್ರೋಲ್ ಖರ್ಚನ್ನು ಸಂಘ ಭರಿಸುವುದು: ಇವು ಠರಾವಿನ ಮುಖ್ಯ ಅಂಶಗಳು. “ಹಾವಿಗೂ ಪೆಟ್ರೋಲ್ ಹಾಕಿಸಬೇಕೇನ್ರೀ?” ಎಂದು ಮಂಡಳಿಯಲ್ಲೇ ಒಬ್ಬ ಹಿರಿಯರು ಕೇಳಿದರು. ರಾತ್ರಿ ಹತ್ತು ಗಂಟೆಗೆ ಅವರ ಮನೆಯ ಸ್ನಾನದ ಕೋಣೆಗೇ ನಾಗರ ಬಂದಾಗ ಹುಡುಗ ಹನ್ನೆರಡು ಕಿಲೋಮೀಟರ್ ಮಳೆಯಲ್ಲಿ ಬಂದದ್ದನ್ನು ನೆನಪಿಸಿದೆವು. ಅವರೇ ಈಗ ಅನುಮೋದಕರು.

ಠರಾವಿಗೆ ಕಾಯದೆ ಇಂದೇ ಮಾಡಬಹುದಾದ ಕೆಲಸಗಳಿವೆ. ಸೌದೆಯನ್ನು ಮನೆಯ ಗೋಡೆಗೆ ಒತ್ತಿ ಪೇರಿಸಬೇಡಿ. ಅಡಿಕೆ, ಭತ್ತ ಇಡುವ ಕಡೆ ಇಲಿಗೆ ಜಾಗವಿಲ್ಲದಂತೆ ನೋಡಿ. ದರಗಿಗೆ ಕೈ ಹಾಕುವ ಮುಂಚೆ ಕೋಲಿನಿಂದ ಕೆದಕುವುದನ್ನು ಆಳುಗಳಿಗೆ ರೂಢಿ ಮಾಡಿಸಿ. ಕತ್ತಲಾದ ಮೇಲೆ ಟಾರ್ಚಿಲ್ಲದೆ ಅಂಗಳಕ್ಕಿಳಿಯಬೇಡಿ. ಹಾವು ಕಂಡು ದಿಕ್ಕು ತೋಚದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಕೊನೆಯದಾಗಿ ಒಂದು ಮಾತು. ಆ ಹೆಣ್ಣಾಳು ಈಗಲೂ ನಮ್ಮಲ್ಲೇ ಇದ್ದಾಳೆ. ಕೊಯ್ಲಿಗೆ ಆಗುವುದಿಲ್ಲ, ಕಣದಲ್ಲಿ ಎಡಗೈಯಿಂದ ಕಾಫಿ ಆರಿಸುತ್ತಾಳೆ. ಹೊಸದಾಗಿ ಆಳುಗಳು ಬಂದಾಗ ಪಟ ತೋರಿಸುವ ಕೆಲಸ ಆಕೆಗೇ ವಹಿಸಿದ್ದೇವೆ. ಮಾತು ಬಾರದ ಅಸ್ಸಾಮಿನ ಹುಡುಗಿಯರಿಗೆ ಆಕೆ ಮೊದಲು ಕೊಳಕುಮಂಡಲದ ಚಿತ್ರ ತೋರಿಸುತ್ತಾಳೆ, ಆಮೇಲೆ ಮಡಚಲು ಬಾರದ ತನ್ನ ಬೆರಳು ತೋರಿಸುತ್ತಾಳೆ, ಆಮೇಲೆ ಜೀಪಿನ ಕಡೆ ಕೈ ತೋರಿಸಿ “ಆಸ್ಪತ್ರೆ, ಆಸ್ಪತ್ರೆ” ಎನ್ನುತ್ತಾಳೆ. ಹಾವನ್ನು ಬೈದದ್ದನ್ನು ನಾವು ಕೇಳಿಲ್ಲ. ನಮ್ಮನ್ನೂ ಬೈದಿಲ್ಲ. ಬೈದಿದ್ದರೆ ಈ ಲೇಖನ ಇನ್ನಷ್ಟು ಬೇಗ ಬರೆಯುತ್ತಿದ್ದೆವೋ ಏನೋ.

ಸದಸ್ಯರೆಲ್ಲರೂ ಸಭೆಗೆ ತಪ್ಪದೆ ಬಂದು ಠರಾವನ್ನು ಚರ್ಚಿಸಿ ಅಂಗೀಕರಿಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ